ಅಪ್ಪಯ್ಯನ ಬೂಟು ಮತ್ತು ಕೊಡಚಾದ್ರಿ

“ಮಲೆನಾಡಿನಲ್ಲಿ ಹುಟ್ಟಿದವರಿಗೆ ಬೆಟ್ಟ ಹತ್ತುವುದಕ್ಕೆ ಬೂಟು ಎಂಥಕ್ಕೆ ಮಾರಾಯ?”

ಈ ಪ್ರಶ್ನೆಯನ್ನು ನಮ್ಮ ಅಪ್ಪಯ್ಯ ಒಂದು ವರ್ಷದ ಅವಧಿಯಲ್ಲಿ ಏನಿಲ್ಲವೆಂದರೂ ಇಪ್ಪತ್ತು ಸಲ ಕೇಳಿದ್ದಾರೆ. ಇಪ್ಪತ್ತು ಸಲವೂ ನಾವು ಕೊಟ್ಟ ಉತ್ತರ ಬೇರೆ ಬೇರೆ. ಅವರಿಗೆ ಒಪ್ಪಿಗೆಯಾದದ್ದು ಒಂದೂ ಇಲ್ಲ. ಕೊನೆಗೆ ಉತ್ತರ ಹೇಳಿದ್ದು ಕೊಡಚಾದ್ರಿಯೇ. ಆದರೆ ಅದು ಹೇಳಿದ ಉತ್ತರದಲ್ಲಿ ನಮ್ಮ ತಪ್ಪೂ ಸೇರಿತ್ತು. ಅದನ್ನು ನಮ್ಮ ಸಂಘದ ಬಂಧುಗಳ ಮುಂದೆ ಬಿಚ್ಚಿಡುವುದಕ್ಕೆ ಈ ಬರಹ.

ನಾವು ಪುಣೆಯಲ್ಲಿ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ನಮ್ಮ ಪಾದರಕ್ಷೆಗಳು ಸವೆಯುವುದು ಹೆಚ್ಚಾಗಿ ಮೇಜಿನ ಕೆಳಗೆ. ಹಾಗಿದ್ದೂ ಈ ಊರಿಗೆ ಬಂದವರಿಗೆ ಗಡ ಹತ್ತುವ ಹುಚ್ಚು ಹಿಡಿಯದೆ ಇರುವುದಿಲ್ಲ. ಶನಿವಾರ ಮಧ್ಯಾಹ್ನವಾಯಿತೆಂದರೆ ಕಚೇರಿಯಲ್ಲಿ ಕಡತಗಳ ಮಾತು ನಿಂತು ಸಿಂಹಗಡ, ರಾಜಗಡ, ತೋರಣಾಗಳ ಮಾತು ಶುರುವಾಗುತ್ತದೆ. ಮಳೆ ಹಿಡಿದರಂತೂ ಕೇಳಬೇಡಿ. ನಮ್ಮೂರಿನಲ್ಲಿ ಮಳೆ ಹಿಡಿದರೆ ಜನ ಒಲೆಯ ಮುಂದೆ ಕೂತು ಹಲಸಿನ ಬೀಜ ಸುಡುತ್ತಾರೆ. ಇಲ್ಲಿಯವರು ಮಳೆ ಹಿಡಿದಾಗಲೇ ಮನೆ ಬಿಟ್ಟು ಹೊರಡುತ್ತಾರೆ.

2022ರ ಜುಲೈ ತಿಂಗಳಲ್ಲಿ ನಾವೂ ಹೊರಟೆವು. ಹೊರಡುವ ಮೊದಲು ಒಂದು ಜೊತೆ ಬೂಟು ಕೊಂಡೆವು. ಹಗುರವಾದದ್ದು, ಕಣಕಾಲಿನ ತನಕ ಬರುವಂಥದ್ದು, ಒಳಗೆ ನೀರು ತಡೆಯುವ ಪೊರೆ ಇರುವಂಥದ್ದು. ಬೆಲೆ ಐದು ಸಾವಿರದ ಇನ್ನೂರು ರೂಪಾಯಿ. ಮನೆಯಾಕೆಗೆ ಹೇಳುವಾಗ ಮೂರು ಸಾವಿರವೆಂದಿದ್ದೆವು. ಉಳಿದ ಎರಡು ಸಾವಿರದ ಇನ್ನೂರರ ವಿಷಯ ಆಕೆಗೆ ಈ ಲೇಖನದಿಂದಲೇ ತಿಳಿಯಬೇಕು.

ರಾಜಗಡಕ್ಕೆ ಗುಂಜವಣೆಯ ಕಡೆಯಿಂದ ಹತ್ತುವ ದಾರಿ ಕಡಿದು. ಕಡೆಯಲ್ಲಿ ಬಂಡೆಯನ್ನು ಹಿಡಿದು ಹತ್ತಿ ಚೋರ ದರವಾಜಾ ಎಂಬ ಕಿರುಬಾಗಿಲಿನೊಳಗೆ ನುಗ್ಗಿದರೆ ಪದ್ಮಾವತಿ ಮಾಚಿ. ಶಿವಾಜಿ ಮಹಾರಾಜರು ರಾಯಗಡಕ್ಕೆ ಹೋಗುವ ಮೊದಲು ಆಳಿದ್ದು ಈ ಗಡದಿಂದ. ಅಂದು ಅದೊಂದೂ ನಮ್ಮ ತಲೆಗೆ ಹೋಗಲಿಲ್ಲ. ತಲೆ ಪೂರ್ತಿ ಕಾಲಿನಲ್ಲಿತ್ತು. ಮೊದಲ ಅರ್ಧ ಗಂಟೆ ಬೂಟು ಹೇಳಿದ ಮಾತಿಗೆ ತಪ್ಪಲಿಲ್ಲ. ಕೆಸರಿನಲ್ಲಿ ನಡೆದೆವು, ಒದ್ದೆ ಹುಲ್ಲಿನಲ್ಲಿ ನಡೆದೆವು, ಕಾಲು ಒಣಗಿಯೇ ಇತ್ತು. ನಮ್ಮ ಐದು ಸಾವಿರ ಸಾರ್ಥಕವಾಯಿತೆಂದು ಬೀಗಿದೆವು. ಆಮೇಲೆ ನಿಜವಾದ ಮಳೆ ಬಂತು. ಪ್ಯಾಂಟಿನಿಂದ ಇಳಿದ ನೀರು ಕಾಲುಚೀಲಕ್ಕೆ, ಕಾಲುಚೀಲದಿಂದ ನೇರ ಬೂಟಿನೊಳಕ್ಕೆ. ಹೊರಗಿನ ನೀರನ್ನು ಒಳಗೆ ಬಿಡದ ಬೂಟು ಒಳಗಿನ ನೀರನ್ನು ಹೊರಗೂ ಬಿಡುವುದಿಲ್ಲವೆಂಬ ಸರಳ ಸತ್ಯ ಬಿ.ಎ. ಪಾಸಾದ ನಮ್ಮ ತಲೆಗೆ ಆಗ ಹೊಳೆಯಿತು. ಎರಡು ಕಾಲಿಗೂ ಒಂದೊಂದು ತಂಬಿಗೆ ನೀರು ಕಟ್ಟಿಕೊಂಡು ಗಡ ಹತ್ತಿದಂತಾಯಿತು. ಮಜ್ಜಿಗೆಯ ಕೊಡ ತಲೆಯ ಮೇಲೆ ಹೊತ್ತ ಹಳ್ಳಿಯ ಹೆಂಗಸೊಬ್ಬಳು ಪ್ಲಾಸ್ಟಿಕ್ ಚಪ್ಪಲಿಯಲ್ಲಿ ಪಟಪಟನೆ ನಮ್ಮನ್ನು ದಾಟಿ ಹೋದಳು. ಅವಳ ಚಪ್ಪಲಿಯೊಳಗೆ ಬಂದ ನೀರು ಮರುಹೆಜ್ಜೆಗೆ ಹೊರಗೆ ಹೋಗುತ್ತಿತ್ತು.

ಇಳಿಯುವಾಗಿನ ಕಥೆ ಇನ್ನೂ ಬೇರೆ. ಬೂಟನ್ನು ನಾವು ಕಾಲಿಗೆ ಸರಿಯಾಗಿ, ಅಂದರೆ ಕಚೇರಿಯ ಬೂಟಿನಂತೆ ಬಿಗಿಯಾಗಿ, ಬೆಳಗಿನ ಹೊತ್ತು ಕೊಂಡಿದ್ದೆವು. ಇಳುಕಲಿನಲ್ಲಿ ಪ್ರತಿ ಹೆಜ್ಜೆಗೂ ಹೆಬ್ಬೆರಳು ಮುಂದಕ್ಕೆ ಹೋಗಿ ಬೂಟಿನ ಮೂತಿಗೆ ಡಿಕ್ಕಿ. ಮೂರು ಗಂಟೆಯಲ್ಲಿ ಅದೆಷ್ಟು ಡಿಕ್ಕಿಗಳೋ! ಎರಡು ಹೆಬ್ಬೆರಳಿನ ಉಗುರೂ ಕಪ್ಪಾಗಿ ತಿಂಗಳೊಪ್ಪತ್ತಿನಲ್ಲಿ ಉದುರಿದವು. ಬೂಟು ಒಣಗುವುದಕ್ಕೆ ಮೂರು ದಿನ ಹಿಡಿಯಿತು.

ಆ ಮೇಲೆ ವಿಚಾರಿಸಿದಾಗ ತಿಳಿದದ್ದಿಷ್ಟು. ಇಂಥ ಬೂಟುಗಳ ಹೊರಬಟ್ಟೆಗೂ ಅಸ್ತರಿಗೂ ನಡುವೆ ಒಂದು ತೆಳ್ಳನೆಯ ಪೊರೆ ಇರುತ್ತದೆ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬಾತ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕಿನ ಕಡ್ಡಿಯನ್ನು ಕಾಯಿಸಿ, ಮೆಲ್ಲಗೆ ಎಳೆದು ಎಳೆದು ಬೇಸತ್ತು, ಒಮ್ಮೆ ಜೋರಾಗಿ ಜಗ್ಗಿದನಂತೆ. ತುಂಡಾಗುವ ಬದಲು ಅದು ಹತ್ತು ಪಾಲು ಉದ್ದಕ್ಕೆ ಹಿಗ್ಗಿ, ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಾದವು. ನೀರಿನ ಹನಿಗಿಂತ ಆ ರಂಧ್ರ ಬಹಳ ಸಣ್ಣದು. ಬೆವರಿನ ಆವಿಗಿಂತ ದೊಡ್ಡದು. ಆದ್ದರಿಂದ ಮಳೆನೀರು ಒಳಗೆ ಬಾರದು, ಬೆವರು ಆವಿಯಾಗಿ ಹೊರಗೆ ಹೋದೀತು. ಹೋದೀತು ಎಂದೆವು, ಹೋಗುತ್ತದೆ ಎನ್ನಲಿಲ್ಲ. ಹೊರಗಿನ ಗಾಳಿ ಒಣಗಿ ತಣ್ಣಗಿದ್ದರೆ ಹೋಗುತ್ತದೆ. ಸಹ್ಯಾದ್ರಿಯ ಜುಲೈಯಲ್ಲಿ ಬೂಟಿನ ಹೊರಗೂ ಒಳಗಿನಷ್ಟೇ ಉಗಿ. ಆವಿ ಹೋಗುವುದಾದರೂ ಎಲ್ಲಿಗೆ? ಚಳಿದೇಶದ ಗುಡ್ಡಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ವಸ್ತುವನ್ನು ನಾವು ಮುಂಗಾರಿಗೆ ಹಾಕಿದ್ದೆವು.

ಇದನ್ನೆಲ್ಲ ಅಪ್ಪಯ್ಯನಿಗೆ ಫೋನಿನಲ್ಲಿ ವರದಿ ಮಾಡಿದಾಗ ಅವರು ನಕ್ಕ ನಗೆ ಹೊಸನಗರ ತಾಲೂಕಿನಿಂದ ಪುಣೆಯ ತನಕ ಫೋನಿಲ್ಲದೆಯೂ ಕೇಳುವಂತಿತ್ತು. “ಗೊರಬು, ಕಂಬಳಿಕೊಪ್ಪೆ ಹಾಕಿ ತಲೆ ಕಾಯುತ್ತಿದ್ದೆವು. ಕಾಲಿಗೆ ನೀರು ಬಂದರೆ ಬಂತು, ಬಂದ ದಾರಿಯಲ್ಲೇ ಹೋಯ್ತು,” ಎಂದರು. 1970ರ ಸುಮಾರಿಗೆ, ಹದಿನೆಂಟರ ಹುಡುಗರಾಗಿದ್ದಾಗ, ನಾಗೋಡಿಯ ಕಡೆಯಿಂದ ಬರಿಗಾಲಿನಲ್ಲಿ ಕೊಡಚಾದ್ರಿ ಹತ್ತಿ ಅದೇ ದಿನ ಇಳಿದು ಬಂದವರು ಅವರು. ಆ ಮಾತಿಗೆ ಎದುರುತ್ತರ ನಮ್ಮಲ್ಲಿರಲಿಲ್ಲ.

ಮರುವರ್ಷ ಅವರು ಪುಣೆಗೆ ಬಂದರು. ಎಪ್ಪತ್ತೊಂದು ವರ್ಷ, ಹದಿನಾರು ವರ್ಷದಿಂದ ಸಕ್ಕರೆ ಕಾಯಿಲೆ. ಅಮ್ಮ ತೀರಿಹೋದ ಮೇಲೆ ಒಂದೇ ಹಟ: ಇನ್ನೊಂದು ಸಲ ಕೊಡಚಾದ್ರಿಯ ತುದಿಗೆ ಹೋಗಬೇಕು. ಮದುವೆಯಾದ ವರ್ಷ ಅಮ್ಮನನ್ನು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತಂತೆ. ತೋಟ, ಕೊಯ್ಲು, ನಾವು ಮಕ್ಕಳು, ಹೀಗೆ ಮುಂದೆ ಹೋಗಿ ಆಗಲೇ ಇಲ್ಲ. ಆ ವಿಷಯವನ್ನು ಅವರು ನಮ್ಮ ಬಳಿ ಹೇಳಲಿಲ್ಲ, ಸೊಸೆಯ ಬಳಿ ಹೇಳಿದರು.

ಡಾಕ್ಟರ ಬಳಿ ಕರೆದೊಯ್ದೆವು. ಅವರು ನೈಲಾನಿನ ಸಣ್ಣದೊಂದು ಎಳೆಯನ್ನು ತೆಗೆದು, ಅಪ್ಪಯ್ಯನಿಗೆ ಕಣ್ಣು ಮುಚ್ಚಲು ಹೇಳಿ, ಪಾದದ ಅಲ್ಲಲ್ಲಿ ಒತ್ತಿ, “ತಾಗಿತೇ?” ಎಂದು ಕೇಳುತ್ತ ಹೋದರು. ಹಿಮ್ಮಡಿಯಲ್ಲಿ ತಾಗಿತು. ಬೆರಳುಗಳ ಬುಡದಲ್ಲಿ ಎಳೆ ಬಿಲ್ಲಿನಂತೆ ಬಾಗುವಷ್ಟು ಒತ್ತಿದರೂ ಅಪ್ಪಯ್ಯ ಕಣ್ಣು ಮುಚ್ಚಿಕೊಂಡು “ಇನ್ನೂ ಶುರು ಮಾಡ್ಲಿಲ್ವಾ?” ಎಂದರು. ನಾವೂ ಮನೆಯಾಕೆಯೂ ಮುಖ ಮುಖ ನೋಡಿಕೊಂಡೆವು. ಪಾದದ ಮುಂಭಾಗಕ್ಕೆ ನೋವೇ ತಿಳಿಯದು. ಮುಳ್ಳು ಹೊಕ್ಕರೂ ತಿಳಿಯದು, ಗುಳ್ಳೆ ಒಡೆದು ಹುಣ್ಣಾದರೂ ತಿಳಿಯದು. ಸಕ್ಕರೆ ಕಾಯಿಲೆಯವರು ಕಾಲು ಕಳೆದುಕೊಳ್ಳುವುದು ಬಹುಮಟ್ಟಿಗೆ ಹೀಗೆ ಶುರುವಾದ ಚಿಕ್ಕ ಹುಣ್ಣಿನಿಂದಲೇ ಎಂದು ಡಾಕ್ಟರು ಹೇಳಿದರು. ರಕ್ತದ ಓಡಾಟವನ್ನೂ ಪರೀಕ್ಷಿಸಿ, ಅದು ಚೆನ್ನಾಗಿದೆಯೆಂದು ಕಂಡ ಮೇಲೆ, ಷರತ್ತು ಹಾಕಿ ಒಪ್ಪಿದರು. ಬರಿಗಾಲು ಎಲ್ಲಿಯೂ ಕೂಡದು. ಜೀಪು ಹೋಗುವ ತನಕ ಜೀಪು. ಅಳತೆಗೆ ಸರಿಯಾದ ಬೂಟು. ನಡೆಯುತ್ತ ನಡೆಯುತ್ತ ಬೂಟು ಬಿಚ್ಚಿ ಕಣ್ಣಿನಿಂದ ಕಾಲು ನೋಡಬೇಕು.

ಸರಿ, ಅಂಗಡಿಗೆ ನಡೆದೆವು. ಈ ಸಲ ಸಂಜೆ ಹೋದೆವು. ಹಗಲೆಲ್ಲ ಓಡಾಡಿದ ಕಾಲು ಸಂಜೆಗೆ ಉಬ್ಬಿರುತ್ತದೆ. ಬೆಟ್ಟದಲ್ಲಿಯೂ ಹಾಗೆಯೇ ಉಬ್ಬುತ್ತದೆ. ನಡೆಯುವಾಗ ಹಾಕುವ ಉಣ್ಣೆಯ ಕಾಲುಚೀಲವನ್ನೇ ಜೊತೆಗೆ ಒಯ್ದೆವು. ಅಂಗಡಿಯ ಹುಡುಗ ಪೆಟ್ಟಿಗೆಯ ಮೇಲಿನ ನಂಬರು ನೋಡಿ “ಏಳು” ಎಂದ. ನಂಬರು ನಂಬಬೇಡಿ, ಮಹನೀಯರೇ. ಒಬ್ಬರ ಏಳು ಇನ್ನೊಬ್ಬರ ಏಳೂವರೆ. ದಾರ ಕಟ್ಟದೆ ಕಾಲನ್ನು ಮುಂದಕ್ಕೆ ತಳ್ಳಿ ನಿಂತಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಹೋಗಬೇಕು. ದಾರ ಕಟ್ಟಿ ನಡೆದಾಗ ಹಿಮ್ಮಡಿ ಮೇಲೇಳಬಾರದು, ಬೆರಳುಗಳು ಒಂದರ ಮೇಲೊಂದು ಹತ್ತಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಇಳಿಜಾರಿನಲ್ಲಿ ಇಳಿದು ನೋಡಬೇಕು. ಅಂಗಡಿಯಲ್ಲಿ ಇಳಿಜಾರು ಎಲ್ಲಿಂದ ಬರಬೇಕು? ಬಾಗಿಲಿನಲ್ಲಿ ಗಾಲಿಕುರ್ಚಿ ಹೋಗುವುದಕ್ಕೆ ಮಾಡಿದ ಇಳಿಜಾರಿತ್ತು. ಅದರ ಮೇಲೆ ಅಪ್ಪಯ್ಯನನ್ನು ನಾಲ್ಕು ಬೂಟುಗಳಲ್ಲಿ ಹನ್ನೆರಡು ಸಲ ಹತ್ತಿಸಿ ಇಳಿಸಿದೆವು. ಕಾವಲುಗಾರ ಎದ್ದು ನಿಂತ. ಅಪ್ಪಯ್ಯನ ಪಾದ ಬರಿಗಾಲಿನಲ್ಲಿ ಬೆಳೆದದ್ದು, ಬೆರಳುಗಳ ಕಡೆ ಬೀಸಣಿಗೆಯಂತೆ ಅಗಲ. “ಬಿಗಿ ಆಗ್ತದಾ ಮಾವ?” ಎಂದು ಸೊಸೆ ಕೇಳಿದರೆ “ಇಲ್ಲ” ಎನ್ನುವರು. ಅವರ ಕಾಲಿಗೆ ತಿಳಿದರೆ ತಾನೆ? ಕೊನೆಗೆ ಆಕೆಯೇ ಉಪಾಯ ಮಾಡಿದಳು. ಅವರ ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಕತ್ತರಿಸಿ, ಆ ಕಾಗದದ ಪಾದವನ್ನು ಬೂಟಿನೊಳಗೆ ಹಾಕಿದಳು. ಅಂಚು ಮಡಿಚಿಕೊಂಡ ಬೂಟುಗಳೆಲ್ಲ ವಾಪಸು. ನಾಲ್ಕನೆಯದರಲ್ಲಿ ಕಾಗದ ಮಡಿಚದೆ ಮಲಗಿತು. ಅದು ಎಂಟು ನಂಬರಿನದು, ಅಗಲ ಮೂತಿಯದು.

ತೂಕ? ಜೊತೆಗೆ ಒಂದು ಕಿಲೋದೊಳಗೆ ಇತ್ತು. ಕಾಲಿಗೆ ಕಟ್ಟಿದ ಭಾರ ಬೆನ್ನಿಗೆ ಕಟ್ಟಿದ ಅಷ್ಟೇ ಭಾರಕ್ಕಿಂತ ನಾಲ್ಕೈದು ಪಾಲು ಹೆಚ್ಚು ದಣಿಸುತ್ತದೆ. ಪ್ರತಿ ಹೆಜ್ಜೆಗೂ ಎತ್ತಿ ಇಡಬೇಕಷ್ಟೆ. ತೋಟದಲ್ಲಿ ಗಮ್‌ಬೂಟು ಹಾಕಿ ಒಂದು ದಿನ ಓಡಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನೀರು ತಡೆಯುವ ಬೂಟಿನಿಂದ ಕೈ ಸುಟ್ಟುಕೊಂಡ ನಾವು ಮತ್ತೆ ಅದನ್ನೇ ಏಕೆ ಆರಿಸಿದೆವೆಂದು ಕೇಳುವಿರಿ. ನಾವು ಹೋಗಬೇಕೆಂದಿದ್ದುದು ಡಿಸೆಂಬರಿನಲ್ಲಿ. ಆಗ ಆಕಾಶದಿಂದ ನೀರು ಬೀಳುವುದಿಲ್ಲ, ಹುಲ್ಲಿನಿಂದ ಬರುತ್ತದೆ. ಮಲೆನಾಡಿನ ಇಬ್ಬನಿ ಬಲ್ಲವರಿಗೆ ಗೊತ್ತು: ಬೆಳಗಿನ ಹೊತ್ತು ಹುಲ್ಲುಗಾವಲಿನಲ್ಲಿ ಹತ್ತು ಮಾರು ನಡೆದರೆ ಸಾದಾ ಬೂಟು ಹಿಂಡುವಂತಾಗುತ್ತದೆ. ಒದ್ದೆಯಾಗಿ ನೆನೆದ ಚರ್ಮ ಬೇಗ ಸುಲಿಯುತ್ತದೆ. ನೀರು ಕೆಳಗಿನಿಂದ ಬರುವ ಕಾಲಕ್ಕೆ ಈ ಬೂಟು ಸರಿ, ಮೇಲಿನಿಂದ ಸುರಿಯುವ ಕಾಲಕ್ಕೆ ತಪ್ಪು. ಈಗ ನಾವು ಮಳೆಗಾಲದಲ್ಲಿ ಗಡಕ್ಕೆ ಹೋಗುವುದು ಪೊರೆಯಿಲ್ಲದ, ನೀರು ಸೋರಿ ಹೋಗುವ ಜಾಳಿಗೆಬಟ್ಟೆಯ ಬೂಟಿನಲ್ಲಿ. ಬೆಲೆಯೂ ಅದರ ಕಾಲುಭಾಗ.

ಅಟ್ಟೆಯ ವಿಷಯ ಒಂದು ಮಾತು. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಸರಿಯಾದ ಬೂಟಿಲ್ಲದೆ ತನ್ನ ಆರು ಮಂದಿ ಜೊತೆಗಾರರು ಸತ್ತದ್ದನ್ನು ಕಂಡ ಇಟಲಿಯ ವಿತಾಲೆ ಬ್ರಮಾನಿ, ರಬ್ಬರಿನಲ್ಲಿ ಆಳವಾದ ಹಲ್ಲುಗಳಿರುವ ಅಟ್ಟೆಯನ್ನು 1937ರಲ್ಲಿ ತಂದ. ಇಂದಿನ ಬೆಟ್ಟದ ಬೂಟುಗಳ ಹಲ್ಲೆಲ್ಲ ಅದರ ಸಂತಾನ. ಕೆಸರಿಗೆ ಹಲ್ಲು ಬೇಕು, ಬಂಡೆಗೆ ಮೆತ್ತನೆಯ ರಬ್ಬರು ಬೇಕು. ಪಾಚಿ ಹಿಡಿದ ಒದ್ದೆ ಬಂಡೆಗೆ ಮಾತ್ರ ಯಾವ ರಬ್ಬರೂ ಸಾಲದು. ಅಲ್ಲಿ ಕೂತು ಜಾರುವುದೇ ಮರ್ಯಾದೆ.

ಹೊಸ ಬೂಟನ್ನು ನೇರ ಬೆಟ್ಟಕ್ಕೆ ಒಯ್ಯಬಾರದೆಂದು ಅಪ್ಪಯ್ಯನನ್ನು ಒಂದು ವಾರ ಮನೆಯೊಳಗೆ, ಮತ್ತೊಂದು ವಾರ ತರಕಾರಿ ಮಾರುಕಟ್ಟೆಗೆ ಬೂಟಿನಲ್ಲೇ ಓಡಾಡಿಸಿದೆವು. ಪಂಚೆಯ ಕೆಳಗೆ ಬೆಟ್ಟದ ಬೂಟು ಕಂಡು ಪಕ್ಕದ ಮನೆಯ ಮಕ್ಕಳಿಗೆ ಒಳ್ಳೆಯ ತಮಾಷೆ. 2023ರ ಅಕ್ಟೋಬರಿನಲ್ಲಿ ಸಿಂಹಗಡಕ್ಕೆ ಹೋದೆವು. ಅದು ಪುಣೆಯವರ ತಾಲೀಮು ಮನೆ. ಅಪ್ಪಯ್ಯ ಆತಕರವಾಡಿಯ ದಾರಿಯಲ್ಲಿ ಒಂದು ಗಂಟೆ ಹತ್ತಿ, ಸಾಕೆಂದು ಇಳಿದರು. ಹತ್ತುವಾಗ ಮೇಲಿನ ದಾರವನ್ನು ಸಡಿಲ ಬಿಟ್ಟೆವು. ಇಳಿಯುವಾಗ ಕಣಕಾಲಿನ ಬಗ್ಗುವ ಕಡೆ ದಾರವನ್ನು ಎರಡು ಸುತ್ತು ತಿರುಚಿ ಬಿಗಿದು, ಹಿಮ್ಮಡಿ ಕದಲದಂತೆ ಮಾಡಿದೆವು. ಕಾಲುಚೀಲ ಕಳಚಿ ನೋಡಿದರೆ ಒಂದು ಕೆಂಪು ಗೆರೆಯೂ ಇಲ್ಲ.

ಅದೇ ದಿನ ನಮ್ಮ ಕಚೇರಿಯ ಮಿತ್ರರೊಬ್ಬರ ಬೂಟು ನಡುದಾರಿಯಲ್ಲಿ ಪ್ರಾಣ ಬಿಟ್ಟಿತು. ನೋಡಲು ಹೊಸದರಂತಿತ್ತು, ಹಾಕಿದ್ದು ನಾಲ್ಕೇ ಸಲವಂತೆ, ಅಟ್ಟದ ಮೇಲೆ ಎಂಟು ವರ್ಷ ಜೋಪಾನವಾಗಿ ಇಟ್ಟಿದ್ದರಂತೆ. ಜೋಪಾನವೇ ಕೊಂದಿತು. ಕೆಲವು ಬೂಟುಗಳ ಅಟ್ಟೆಯ ನಡುಪದರ ಪಾಲಿಯುರಿಥೇನ್ ಎಂಬ ವಸ್ತುವಿನದು. ಗಾಳಿಯ ತೇವಕ್ಕೆ ಅದು ಒಳಗೊಳಗೇ ಕರಗಿ, ಹಾಕಿದರೂ ಬಿಟ್ಟರೂ ಕೆಲವು ವರ್ಷಗಳಲ್ಲಿ ಪುಡಿಯಾಗುತ್ತದೆ. ಮಿತ್ರರು ಅಟ್ಟೆಯನ್ನು ಸುತಲಿ ಹಗ್ಗದಿಂದ ಕಾಲಿಗೆ ಕಟ್ಟಿಕೊಂಡು ಇಳಿದರು. ಅಂದಿನಿಂದ ನಮ್ಮ ಚೀಲದಲ್ಲಿ ಸುತಲಿ ಕಾಯಂ.

ಡಿಸೆಂಬರಿನಲ್ಲಿ ಊರಿಗೆ ಹೋದೆವು. ಕಟ್ಟಿನಹೊಳೆಯ ಕಡೆಯಿಂದ ಹೋಗುವ ಜೀಪಿನಲ್ಲಿ ಕೂತೆವು. ಆ ಜೀಪಿನ ದಾರಿಯ ಬಗ್ಗೆ ಬರೆಯುವುದಿಲ್ಲ. ಹೋದವರಿಗೆ ಬೇಡ, ಹೋಗದವರು ನಂಬುವುದಿಲ್ಲ. ಮೂಲ ಮೂಕಾಂಬಿಕೆಯ ಗುಡಿಯ ಬಳಿ ಇಳಿದಾಗ ಮಂಜು ಇನ್ನೂ ಕಣಿವೆಯಲ್ಲಿತ್ತು. ಗುಡಿಯ ಹತ್ತಿರದ ಕಬ್ಬಿಣದ ಕಂಬವನ್ನು ಅಪ್ಪಯ್ಯ ಹಳೆಯ ಗೆಳೆಯನ ಬೆನ್ನು ತಟ್ಟುವಂತೆ ತಟ್ಟಿದರು. ಗುಡಿಯೊಳಗೆ ಹೋಗಬೇಕಾದರೆ ಬೂಟು ಬಿಚ್ಚಲೇಬೇಕಲ್ಲ? “ಮಾವ, ಕಾಲುಚೀಲ ಮಾತ್ರ ಇರಲಿ,” ಎಂದು ಸೊಸೆ ಹಟ ಹಿಡಿದಳು. ಅಪ್ಪಯ್ಯ ಮುಖ ಸಣ್ಣದು ಮಾಡಿಕೊಂಡು, ಕಾಲುಚೀಲದಲ್ಲಿ ಅಂಗಳದ ತನಕ ಹೋಗಿ, ಹೊರಗಿನಿಂದಲೇ ಕೈ ಮುಗಿದರು.

ಅಲ್ಲಿಂದ ಸರ್ವಜ್ಞ ಪೀಠಕ್ಕೆ ಎರಡು ಕಿಲೋಮೀಟರಿನ ಸುಮಾರು ದಾರಿ. ಬಿಸಿಲೇರುವ ಮೊದಲು ಹೋಗೋಣವೆಂದು ಬೂಟು ಹಾಕಿ, ದಾರ ಬಿಗಿದು ಹೊರಟೆವು. ಒಂದು ಕಡೆ ಶೋಲೆಯ ಕಾಡು, ಒಂದು ಕಡೆ ಬೋಳು ಹುಲ್ಲಿನ ನೆತ್ತಿ, ಕಾಲ ಕೆಳಗೆ ಉರುಳುವ ಕೆಂಪು ಕಲ್ಲು. ಹುಲ್ಲಿನ ಇಬ್ಬನಿಯಿಂದ ಬೂಟಿನ ಹೊರಮೈ ಕಪ್ಪಾಗಿತ್ತು, ಒಳಗೆ ಒಣಗಿತ್ತು. ಅಪ್ಪಯ್ಯ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ, ಆದರೆ ಒಮ್ಮೆಯೂ ಕೂರದೆ ಹತ್ತಿದರು. 1343 ಮೀಟರಿನ ಆ ತುದಿಯಲ್ಲಿ, ಶಂಕರಾಚಾರ್ಯರ ಹೆಸರಿನ ಪುಟ್ಟ ಕಲ್ಲುಮಂಟಪದ ಮುಂದೆ ನಿಂತು ಪಡುವಣದ ಕಡೆ ನೋಡಿದರು. ದೂರದಲ್ಲಿ ಸಮುದ್ರ ತಗಡಿನಂತೆ ಮಿರುಗುತ್ತಿತ್ತು. “ಅವಳಿಗೆ ಸಮುದ್ರ ತೋರಿಸ್ತೆ ಅಂದಿದ್ದೆ,” ಎಂದರು. ಅಷ್ಟೇ ಮಾತು. ನಾವು ಸ್ವಲ್ಪ ಹೊತ್ತು ಆ ಕಡೆ ಈ ಕಡೆ ನೋಡಿದೆವು.

ಮಂಟಪಕ್ಕೆ ಹೋಗಲು ಮತ್ತೆ ಬೂಟು ಬಿಚ್ಚಿದೆವು. ಮನೆಯಾಕೆ ಎಂದಿನಂತೆ ಬಗ್ಗಿ ನೋಡಿದಳು. ನೋಡಿ ಏನೂ ಹೇಳದೆ ನಮ್ಮ ಕಡೆ ತಿರುಗಿದಳು. ಎಡಗಾಲಿನ ಚೀಲದ ಕಿರುಬೆರಳಿನ ಬುಡದಲ್ಲಿ ಎಂಟಾಣೆಯಷ್ಟಗಲ ಕೆಂಪು ಕಲೆ. ಚೀಲ ಕಳಚಿದರೆ ಚರ್ಮ ಸುಲಿದು ಹಸಿಯಾಗಿತ್ತು. ಗುಡಿಯ ಬಳಿ ಆತುರದಲ್ಲಿ ಬೂಟು ಹಾಕಿಸಿದವರು ನಾವೇ. ಕಾಲುಚೀಲ ಅಲ್ಲಿ ಮಡಿಕೆ ಬಿದ್ದು ಮುದುಡಿತ್ತು. ಆ ಮಡಿಕೆ ಎರಡು ಕಿಲೋಮೀಟರು ಉಜ್ಜಿದೆ. ನಮ್ಮ ನಿಮ್ಮ ಕಾಲಾಗಿದ್ದರೆ ನೂರು ಹೆಜ್ಜೆಯೊಳಗೆ ಅಯ್ಯೋ ಎನ್ನುತ್ತಿತ್ತು. ನಡುದಾರಿಯಲ್ಲಿ ಬಿಚ್ಚಿ ನೋಡಬೇಕೆಂದು ಡಾಕ್ಟರು ಹೇಳಿದ್ದನ್ನು, ಅಪ್ಪಯ್ಯ ಕೂರದೆ ಹತ್ತುತ್ತಿದ್ದಾರೆಂಬ ಖುಷಿಯಲ್ಲಿ, ನಾವು ಮರೆತಿದ್ದೆವು.

“ನೋವೇ ಇಲ್ವಲ್ಲ ಮಾರಾಯ,” ಎಂದು ಅಪ್ಪಯ್ಯ ಆ ರಕ್ತವನ್ನು ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡುತ್ತಿದ್ದರು. ಅವರ ಮುಖದಲ್ಲಿ ಹೆದರಿಕೆ ಕಂಡದ್ದು ನಮಗೆ ಅದೇ ಮೊದಲು.

ಕುಡಿಯುವ ನೀರಿನಿಂದ ತೊಳೆದು, ಶುದ್ಧವಾದ ಬಟ್ಟೆಪಟ್ಟಿ ಇಟ್ಟು, ಬೇರೆ ಕಾಲುಚೀಲವನ್ನು ಒಂದೂ ನೆರಿಗೆಯಿಲ್ಲದಂತೆ ಎಳೆದು, ದಾರ ಬಿಗಿದು, ಇಬ್ಬರೂ ಎರಡು ಕಡೆ ತೋಳು ಹಿಡಿದು ಇಳಿಸಿದೆವು. ಇಳಿಯುವಾಗ ನಾಲ್ಕು ಸಲ ನಿಲ್ಲಿಸಿ ನೋಡಿದೆವು. ಅಂದೇ ಸಂಜೆ ಸಾಗರದಲ್ಲಿ ವೈದ್ಯರು ಕಟ್ಟು ಹಾಕಿದರು. ಗಾಯ ಮಾಯಲು ಮೂರು ವಾರ ಹಿಡಿಯಿತು. ನಮ್ಮ ರಜೆ ಮುಗಿದು ಪುಣೆಗೆ ಬಂದ ಮೇಲೆಯೂ ದಿನವೂ ರಾತ್ರಿ ಆ ಕಾಲಿನ ಚಿತ್ರ ಫೋನಿನಲ್ಲಿ ಬರಬೇಕಿತ್ತು. ಅದು ಬರುವ ತನಕ ಮನೆಯಾಕೆ ಊಟಕ್ಕೆ ಏಳುತ್ತಿರಲಿಲ್ಲ. ಇಪ್ಪತ್ತೆರಡನೆಯ ದಿನದ ಚಿತ್ರದಲ್ಲಿ ಹೊಸ ಚರ್ಮ ಪೂರ್ತಿ ಕೂಡಿತ್ತು.

ಆ ಬೂಟು ಈಗ ಊರಿನ ಮನೆಯ ಜಗಲಿಯಲ್ಲಿದೆ. ಅಪ್ಪಯ್ಯ ಅದನ್ನು ಹಾಕಿಕೊಂಡೇ ತೋಟಕ್ಕೆ ಹೋಗುತ್ತಾರೆ. ಬಂದ ಮೇಲೆ ಮಣ್ಣನ್ನು ಹಳೆಯ ಬ್ರಶ್ಶಿನಿಂದ, ಸೋಪಿಲ್ಲದ ನೀರಿನಿಂದ ತೊಳೆಯುವುದು, ಒಳಗಿನ ಮೆತ್ತೆ ಎಳೆದು ಬೇರೆ ಇಡುವುದು, ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸುವುದು, ಎಲ್ಲ ಅವರದೇ. ಒಲೆಯ ಬಳಿ ಇಟ್ಟರೆ ಅಂಟು ಬಿಡುತ್ತದೆಂದು ನಮಗೇ ತಿರುಗಿ ಪಾಠ ಹೇಳುತ್ತಾರೆ. ಮಳೆಗಾಲದಲ್ಲಿ ಉಂಬಳಕ್ಕೆಂದು ಕಾಲುಚೀಲಕ್ಕೆ ಹೊಗೆಸೊಪ್ಪಿನ ಪುಡಿ ಸವರುತ್ತಾರೆ. ಕಾಲಿಗೆ ಉಂಬಳ ಕಚ್ಚಿದ್ದೂ ಅವರಿಗೆ ತಿಳಿಯುವುದಿಲ್ಲವಲ್ಲ. ತುರುಕುವ ಪತ್ರಿಕೆಗಳಲ್ಲಿ ನಮ್ಮ ಸಂಘದ ಹಳೆಯ ಸಂಚಿಕೆಗಳೂ ಇದ್ದವೆಂಬುದನ್ನು ಸಂಪಾದಕರು ಮನ್ನಿಸಬೇಕು.

ಬೆಳಿಗ್ಗೆ ಹಾಕುವ ಮೊದಲು ಒಂದೊಂದು ಬೂಟನ್ನೂ ತಲೆಕೆಳಗು ಮಾಡಿ ಕುಟ್ಟಿ, ಕೈಯನ್ನು ಮೂತಿಯ ತನಕ ಹಾಕಿ ತಡವಿ ನೋಡುತ್ತಾರೆ. ಹೋದ ತಿಂಗಳು ಅದರೊಳಗಿಂದ ಒಂದು ಅಡಿಕೆಯ ಚೂರು ಸಿಕ್ಕಿತೆಂದು ಫೋನು ಮಾಡಿದ್ದರು.